ಮೈಲೇಜ್ ಬಿದ್ದ ಹಳೇ ಮಾಡಿಫೈಡ್ ಕಾರಿಗೆ ಡಾಂಗಲ್ಲೋ, ವ್ಯಾಕ್ಯೂಮ್ ಗೇಜೋ, ವೈಡ್‌ಬ್ಯಾಂಡೋ?

ಡಾಂಗಲ್ ಕಾರಿನ ಕಂಪ್ಯೂಟರ್ (ಇಸಿಯು) ಹೇಳುವುದನ್ನು ಓದುತ್ತದೆ; ವ್ಯಾಕ್ಯೂಮ್ ಗೇಜ್ ಎಂಜಿನ್ ಗಾಳಿ ಹೀರುವ ಬಲವನ್ನು, ವೈಡ್‌ಬ್ಯಾಂಡ್ ಹೊಗೆಯಿಂದ ಗಾಳಿ-ಪೆಟ್ರೋಲಿನ ಪ್ರಮಾಣವನ್ನು ಅಳೆಯುತ್ತದೆ. ಯಾವ ಉಪಕರಣಕ್ಕೂ ದುಡ್ಡು ಹಾಕುವ ಮೊದಲು ಟೈರಿನ ಲೆಕ್ಕ ಮುಗಿಸಿಕೊಳ್ಳಿ. 175/70 ಆರ್13 ತೆಗೆದು 185/70 ಆರ್14 ಹಾಕಿದರೆ ಚಕ್ರದ ವ್ಯಾಸ 575 ಮಿ.ಮೀ.ನಿಂದ 615ಕ್ಕೆ ಏರುತ್ತದೆ. ಗಾಡಿ 100 ಕಿ.ಮೀ. ಓಡಿದಾಗ ಓಡೋಮೀಟರ್ 93.6 ತೋರಿಸುತ್ತದೆ. ಇದರ ಮೇಲೆ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್: ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ, ಆದ್ದರಿಂದ ಶೇ. 6-7 ಅಲ್ಲೇ ಹೋಯಿತು. ಎರಡೂ ಸೇರಿ, ಲೀಟರಿಗೆ 14 ಕೊಡುತ್ತಿದ್ದ ಕಾರು ಎಂಜಿನ್‌ನಲ್ಲಿ ಯಾವ ದೋಷವೂ ಇಲ್ಲದೆ 12.25ಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತಲೂ ಕೆಳಗಿದ್ದರೆ ಮಾತ್ರ ಮುಂದಕ್ಕೆ ಓದಿ.

ಎಲ್ಲರೂ ಮೊದಲು ಕೊಳ್ಳುವುದು ಬ್ಲೂಟೂತ್ ಒಬಿಡಿ ಡಾಂಗಲ್ (ಒಬಿಡಿ ಎಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ). ಅಗ್ಗ, ಫೋನಿನಲ್ಲೇ ಎಲ್ಲ ಕಾಣಿಸುತ್ತದೆ. ತೊಡಕು ಎರಡು. ನಮ್ಮಲ್ಲಿ ಒಬಿಡಿ ಕಡ್ಡಾಯವಾದದ್ದು ಬಿಎಸ್4 ಹೊಗೆ ನಿಯಮದ ಜೊತೆಗೆ, 2010ರಿಂದ ಹಂತ ಹಂತವಾಗಿ. ಅದಕ್ಕಿಂತ ಹಳೇ ಗಾಡಿಯಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಡಾಂಗಲ್ ಕನೆಕ್ಟ್ ಆಗದೇ ಇರಬಹುದು. ಎರಡನೆಯದು ಇನ್ನೂ ದೊಡ್ಡದು. ಡಾಂಗಲ್ ತೋರಿಸುವುದು ಇಸಿಯು ಏನನ್ನು ನಂಬಿದೆ ಎಂಬುದನ್ನು. ಮಾಡಿಫೈ ಮಾಡಿದ ಕಾರಿನಲ್ಲಿ ಇಸಿಯು ನಂಬಿದ್ದೇ ತಪ್ಪಾಗಿರುತ್ತದೆ.

ಫ್ರೀ-ಫ್ಲೋ ಹೆಡರ್ (ಎಂಜಿನ್‌ನಿಂದ ಹೊಗೆ ಸಲೀಸಾಗಿ ಹೊರಹೋಗುವ ಪೈಪು) ಹಾಕಿದ ಕಾರನ್ನೇ ತೆಗೆದುಕೊಳ್ಳಿ. ಹೆಡರ್ ಗ್ಯಾಸ್ಕೆಟ್ ಸ್ವಲ್ಪ ಲೀಕ್ ಆದರೂ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ‘ಪೆಟ್ರೋಲ್ ಸಾಲದು’ ಎಂದು ಓದುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ. ಡಾಂಗಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ (ಇಸಿಯು ಪೆಟ್ರೋಲಿಗೆ ಮಾಡಿಕೊಂಡ ಶೇಕಡಾವಾರು ಹೊಂದಾಣಿಕೆ) +12, +15 ಕಂಡು ಮೆಕ್ಯಾನಿಕ್ ಇಂಜೆಕ್ಟರ್ ಕ್ಲೀನ್ ಮಾಡಿಸಿ ಬಿಲ್ ಕೊಡುತ್ತಾನೆ. ಮೈಲೇಜ್ ಇದ್ದಲ್ಲೇ ಇರುತ್ತದೆ.

ವ್ಯಾಕ್ಯೂಮ್ ಗೇಜಿಗೆ ಇಸಿಯು ನಂಬಿಕೆಯ ಹಂಗಿಲ್ಲ. ಥ್ರಾಟಲ್ ಬಾಡಿಯ ನಂತರ, ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪಿನಿಂದ) ಹೊರಡುವ ಒಂದು ಸಣ್ಣ ಹೋಸಿಗೆ ಟಿ ಜಾಯಿಂಟ್ ಹಾಕಿ ಜೋಡಿಸಿ. ಬ್ರೇಕ್ ಬೂಸ್ಟರ್ ಹೋಸ್ ಮುಟ್ಟಬೇಡಿ. ಬಿಸಿ ಎಂಜಿನ್, ಎಸಿ ಆಫ್, ಐಡಲ್: ಸಮುದ್ರಮಟ್ಟದ ಮಂಗಳೂರಿನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಬರಬೇಕು. ಸಾವಿರ ಅಡಿ ಏರಿದಂತೆ ಒಂದೊಂದು ಇಂಚು ಕಳೆಯಬೇಕು, ಹಾಗಾಗಿ ಬೆಂಗಳೂರಿನಲ್ಲಿ 14-18 ಬಂದರೂ ಆರೋಗ್ಯವೇ. ಗೇಜಿನ ಮೇಲೆ ಬಳಿದ ಹಸಿರು ಪಟ್ಟಿ ಸಮುದ್ರಮಟ್ಟದ್ದು. ಅದನ್ನು ನೋಡಿ ಬೆಂಗಳೂರಿನ ಎಂಜಿನ್ ಬಿಚ್ಚಿಸಬೇಡಿ.

ಮುಳ್ಳು ಅಲುಗಾಡದೆ ಕೆಳಗೇ ನಿಂತಿದ್ದರೆ ಇಗ್ನಿಷನ್ ಟೈಮಿಂಗ್ ತಡ, ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆ, ಅಥವಾ ಇನ್‌ಟೇಕ್ ಲೀಕ್. ಲಯವಾಗಿ ಟಕ್ ಟಕ್ ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋದರೆ ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಅಥವಾ ಸೈಲೆನ್ಸರ್ ಕಟ್ಟಿಕೊಂಡಿದೆ. ಮುಳ್ಳು ಸರಿಯಾಗಿದ್ದು ಟ್ರಿಮ್ ಮಾತ್ರ +15 ಇದ್ದರೆ ನಮ್ಮ ಮೊದಲ ಗುಮಾನಿ ಆ ಹೆಡರ್ ಗ್ಯಾಸ್ಕೆಟ್ ಮೇಲೆ, ಆಮೇಲೆ ಫ್ಯೂಯೆಲ್ ಪ್ರೆಶರ್.

‘ಐಡಲ್‌ನಲ್ಲಿ ಟ್ರಿಮ್ ಹೆಚ್ಚು, ಆರ್‌ಪಿಎಂ ಏರಿಸಿದಾಗ ಕಮ್ಮಿ, ಹಾಗಾದರೆ ಇನ್‌ಟೇಕ್ ಲೀಕ್’ ಎಂದು ಯೂಟ್ಯೂಬಿನಲ್ಲಿ ಹೇಳುತ್ತಾರಲ್ಲ, ಆ ಸೂತ್ರ ಮಾಫ್ ಸೆನ್ಸರ್ (ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವುದು) ಇರುವ ಕಾರಿನದು. ಹಳೇ ಆಲ್ಟೊ, ಝೆನ್‌ನಂತೆ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವುದು) ಇದ್ದರೆ ಲೀಕಿನಿಂದ ಬಂದ ಗಾಳಿಯೂ ಲೆಕ್ಕಕ್ಕೆ ಸೇರಿ ಪೆಟ್ರೋಲ್ ಹೆಚ್ಚುತ್ತದೆ, ಐಡಲ್ ಏರುತ್ತದೆ, ಟ್ರಿಮ್ ಹೆಚ್ಚೇನೂ ಕದಲುವುದಿಲ್ಲ. ಇಲ್ಲಿ ಗೇಜ್ ಹಿಡಿಯುವುದನ್ನು ಡಾಂಗಲ್ ಹಿಡಿಯುವುದಿಲ್ಲ.

ಗೇಜ್ ಸೋಲುವುದೂ ಉಂಟು. ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಶಾಫ್ಟ್) ಹಾಕಿದ ಎಂಜಿನ್‌ನಲ್ಲಿ ಮುಳ್ಳು ಕೆಳಗಿದ್ದು ಕುಣಿಯುವುದೇ ಸಹಜ. ಥರ್ಮೋಸ್ಟಾಟ್ ವಾಲ್ವ್ ಕಿತ್ತೆಸೆದದ್ದೂ ಅದಕ್ಕೆ ಕಾಣದು, ಡಾಂಗಲ್ ಗೆಲ್ಲುವುದು ಇಲ್ಲೇ. ಬಿಸಿಲಿಗೆ ಎಂಜಿನ್ ಕಾಯಬಾರದೆಂದು ವಾಲ್ವ್ ತೆಗೆಯುವ ಚಾಳಿ ಎಷ್ಟೋ ಗ್ಯಾರೇಜುಗಳಲ್ಲಿದೆ. ಹೈವೇಯಲ್ಲಿ ಕೂಲೆಂಟ್ 60-65 ಡಿಗ್ರಿಯಲ್ಲೇ ಉಳಿದರೆ ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ಡಾಂಗಲ್ ಕನೆಕ್ಟ್ ಆಗದ ಗಾಡಿಗೆ ಮಲ್ಟಿಮೀಟರ್ ಸಾಕು: ಕೂಲೆಂಟ್ ಬಿಸಿ ಅಳೆಯುವ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್, 80ರಲ್ಲಿ ಸುಮಾರು 300 ಓಮ್ ತೋರಿಸಬೇಕು. ಗಾಡಿ ಓಡಿಸಿ ಬಂದ ಕೂಡಲೇ ಅಳೆದಾಗ 500 ಓಮ್ ದಾಟಿದ್ದರೆ ವಾಲ್ವ್ ಇಲ್ಲ, ಅಥವಾ ಸೆನ್ಸರ್ ಕೆಟ್ಟಿದೆ.

ವೈಡ್‌ಬ್ಯಾಂಡ್ ಮಿಕ್ಕೆರಡಕ್ಕಿಂತ ಹಲವು ಪಟ್ಟು ದುಬಾರಿ. ಸೈಲೆನ್ಸರ್ ಪೈಪಿಗೆ ಬಂಗ್ (ಸೆನ್ಸರ್ ಕೂರಿಸುವ ಮರೆಯ ಬಳೆ) ವೆಲ್ಡ್ ಮಾಡಿಸಲೂ ಬೇಕು, ಅದಕ್ಕಿಂತ ಎಂಜಿನ್ ಕಡೆಗೆ ಲೀಕ್ ಇದ್ದರೆ ಇದೂ ಮೋಸ ಹೋಗುತ್ತದೆ. ಇಸಿಯು ರೀಮ್ಯಾಪ್ (ಇಸಿಯು ಲೆಕ್ಕ ಬದಲಿಸಿದ್ದು) ಅಥವಾ ಪಿಗ್ಗಿಬ್ಯಾಕ್ (ಇಸಿಯುಗೆ ಜೋಡಿಸಿದ ಹೆಚ್ಚುವರಿ ಪೆಟ್ಟಿಗೆ) ಇರುವ ಕಾರಿಗೆ ಮಾತ್ರ ಇದು ಸಾರ್ಥಕ, ಏಕೆಂದರೆ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಸುರಿಯುತ್ತಿದೆ ಎಂದು ಸರಿಯಾಗಿ ಹೇಳುವುದು ಇದೊಂದೇ. ಇ20 ಹಾಕಿದ್ದಕ್ಕೆ ವೈಡ್‌ಬ್ಯಾಂಡಿನಲ್ಲಿ 14.7 (ಒಂದು ಪಾಲು ಪೆಟ್ರೋಲಿಗೆ ಇಷ್ಟು ಪಾಲು ಗಾಳಿ, ತೂಕದಲ್ಲಿ) ಬರಬಾರದು, 13.5 ಬರಬೇಕು ಎಂದು ಟ್ಯೂನ್ ಬದಲಿಸಲು ಹೋಗಬೇಡಿ. ಅದು ಅಳೆಯುವುದು ಲ್ಯಾಂಬ್ಡಾ, ಅಂದರೆ ಇಂಧನ ಪೂರ್ತಿ ಉರಿಯಲು ಬೇಕಾದಷ್ಟಕ್ಕೆ ಹೋಲಿಸಿದರೆ ಗಾಳಿ ಎಷ್ಟು ಪಟ್ಟು ಇದೆ ಎಂಬುದು. ಇಂಧನ ಯಾವುದಾದರೂ ಲ್ಯಾಂಬ್ಡಾ 1 ಅನ್ನು ಪೆಟ್ರೋಲ್ ಸ್ಕೇಲಿನಲ್ಲಿ 14.7 ಎಂದೇ ತೋರಿಸುತ್ತದೆ.