ಮರವಂತೆ: ಕಡಲು ಪಕ್ಕದಲ್ಲೇ, ಇಳಿಯುವ ದಾರಿ ಎಲ್ಲಿ?

ಕುಂದಾಪುರದಿಂದ ಉತ್ತರಕ್ಕೆ ಹೊರಟು ತ್ರಾಸಿ ದಾಟಿದರೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಕೊಲ್ಲೂರಿನ ಕಡೆಯಿಂದ ಬರುವ ಹೊಳೆ ಇಲ್ಲಿ ಕಡಲಿನ ಹತ್ತಿರಕ್ಕೆ ಬಂದರೂ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಗೆ ಹೋಗಿ ಸೇರುತ್ತದೆ. ಈ ನೋಟಕ್ಕೆ ಐದಕ್ಕೆ ಐದು ಸ್ಟಾರ್. ಕಡಲಿಗೆ ಇಳಿಯುವ ದಾರಿಗೆ ಮಾತ್ರ ಎರಡೇ.

ನಾವು ಚಿಕ್ಕವರಿದ್ದಾಗ ಇದು ಸಣ್ಣ ರಸ್ತೆ, ಎನ್.ಎಚ್. 17. ಆಮೇಲೆ ನಂಬರ್ 66 ಆಯಿತು. ಅಮ್ಮನ ಬಾಯಲ್ಲಿ ಈಗಲೂ ಹದಿನೇಳೇ. ಮಳೆಗಾಲ ಬಂತೆಂದರೆ ಕಡಲ್ಕೊರೆತ. ಅಲೆ ರಸ್ತೆಯ ಅಂಚಿಗೇ ಬಡಿಯುತ್ತಿತ್ತು. ರಸ್ತೆ ಉಳಿಸಲು ದೊಡ್ಡ ದೊಡ್ಡ ಕಲ್ಲು ತಂದು ಸುರಿದರು. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಕಲ್ಲಿಲ್ಲದಿದ್ದರೆ ರಸ್ತೆ ಎಲ್ಲಿರುತ್ತಿತ್ತು? ಮುಂದೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನಲ್ಲಿ ಕಡಲೊಳಕ್ಕೆ ಚಾಚಿದ ತಡೆಗೋಡೆಗಳು ಬಂದವು. ಅಲೆಯ ಹೊಡೆತ ತಗ್ಗಿಸಿ, ನಡುವೆ ಮರಳು ನಿಲ್ಲುವಂತೆ ಮಾಡುವುದು ಅವುಗಳ ಕೆಲಸ. ಇದು ನನಗೆ ಬರೀ ಕಲ್ಲು ಸುರಿಯುವುದಕ್ಕಿಂತ ಎಷ್ಟೋ ಮೇಲು ಅನಿಸುತ್ತದೆ.

ಆಮೇಲೆ ಹೆದ್ದಾರಿ ಚತುಷ್ಪಥವಾಯಿತು. ಪ್ರಯಾಣ ಸಲೀಸು. ಆದರೆ ನಡೆದು ಹೋಗುವವರನ್ನು ನೆನಪಿಟ್ಟುಕೊಂಡು ಮಾಡಿದ ಕೆಲಸ ಅಂತ ಅನಿಸುವುದೇ ಇಲ್ಲ. ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿನೋವು. ನಾವು ಕಾರು ನಿಲ್ಲಿಸಿದ ಕಡೆ ಮೆಟ್ಟಿಲಿರಲಿಲ್ಲ, ಕೈ ಹಿಡಿಯಲು ಕಂಬಿಯೂ ಇರಲಿಲ್ಲ. ಕಲ್ಲಿನ ಮೇಲೆ ಕಾಲಿಡಲು ಹೆದರಿ ಅಮ್ಮ ಮೇಲೆಯೇ ನಿಂತರು. "ಕಾಲಾದ್ರೂ ಒದ್ದೆ ಮಾಡ್ಕೊಂಡು ಬರ್ತಿದ್ದೆ" ಅಂದರು. ನನಗೆ ತುಂಬಾ ಬೇಜಾರಾಯಿತು.

ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಇಲ್ಲಿ ಜನ ಕಡಲಲ್ಲಿ ಮಿಂದು, ಹೊಳೆಯಲ್ಲೂ ಮಿಂದು ವರಾಹ ಸ್ವಾಮಿಯ ದರ್ಶನ ಮಾಡುತ್ತಾರೆ. ಅಂದರೆ ಕಡಲಿನಿಂದ ಹೊಳೆಗೆ ನಡೆಯುವ ದಾರಿ ಇಲ್ಲಿ ಹೊಸ ಬೇಡಿಕೆಯಲ್ಲ, ಅಲ್ವಾ? ಅದಕ್ಕೆ ಅಡ್ಡವಾಗಿ ಈಗ ಲಾರಿ, ಬಸ್ಸು ಓಡುತ್ತಿವೆ. ದೇವಸ್ಥಾನದ ಹತ್ತಿರ ಸುರಕ್ಷಿತವಾಗಿ ರಸ್ತೆ ದಾಟುವ ವ್ಯವಸ್ಥೆ, ಕಡಲಿಗೆ ಅಗಲವಾದ ಮೆಟ್ಟಿಲು, ಒಂದು ಕಂಬಿ ಬೇಕೇ ಬೇಕು. ದೋಣಿ ಎಳೆಯುವ ಜಾಗವನ್ನು ಮಾತ್ರ ಮೀನುಗಾರರಿಗೇ ಬಿಡಬೇಕು. ಅಲ್ಲಿ ಕಾರು ನಿಲ್ಲಿಸಬೇಡಿ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ ಹೋಗಿ. ಮಳೆಗಾಲದಲ್ಲಿ ಫೋಟೋಗೆಂದು ಕಲ್ಲಿನ ಮೇಲೆ ಹತ್ತಲೇಬೇಡಿ. ಪಾಚಿ ಜಾರುತ್ತದೆ, ಅಲೆ ಹೇಳಿಕೇಳಿ ಬರುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಮೊದಲು ನೀವೊಬ್ಬರೇ ಇಳಿದು, ಕಲ್ಲು ಕಡಿಮೆ ಇರುವ ಜಾಗ ನೋಡಿ ಬನ್ನಿ. ಆಮೇಲೆ ಅವರನ್ನು ಕಾರಿನಿಂದ ಇಳಿಸಿ.