‘ಟೆಸ್ಟೆಡ್, ವರ್ಕಿಂಗ್’ ಎಂದು ಮಾರುವ ಹಳೆಯ ಸೇನಾ ವಾಕಿಟಾಕಿ: ದುಡ್ಡು ಕೊಡುವ ಮುಂಚೆ ನೋಡಿ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ವಾಕಿಟಾಕಿ ಬಿಸಿ-611 ಕೊಳ್ಳಬೇಕೆಂದು ಆನ್‌ಲೈನಿನಲ್ಲಿ ಹುಡುಕುತ್ತಿದ್ದೀರಾದರೆ ಸ್ವಲ್ಪ ತಡೆಯಿರಿ. ಈಗ ನಮ್ಮ ಮೇಜಿನ ಮೇಲಿರುವ ಸೆಟ್ ‘ಟೆಸ್ಟೆಡ್, ವರ್ಕಿಂಗ್, ಎಲ್ಲ ಒರಿಜಿನಲ್’ ಎಂಬ ವಿವರಣೆಯೊಂದಿಗೆ ಮಾರಾಟವಾದದ್ದು. ಒಳಗೆ ಟ್ರಾನ್ಸಿಸ್ಟರಿನ ಕೆಲಸ ಮಾಡುವ ಐದು ಗಾಜಿನ ವಾಲ್ವ್‌ಗಳೂ ಸತ್ತಿವೆ.

ಟೆಸ್ಟ್ ಮಾಡಿದ್ದಂತೂ ಸುಳ್ಳಲ್ಲ. ಬಹುಶಃ ಆ ಟೆಸ್ಟೇ ಸೆಟ್ಟನ್ನು ಕೊಂದಿದೆ. ಇದಕ್ಕೆ ಬೇಕಾದ್ದು ಎರಡು ಬ್ಯಾಟರಿ: ಫಿಲಮೆಂಟಿಗೆ (ವಾಲ್ವಿನೊಳಗೆ ಕಾಯುವ ತೆಳು ತಂತಿ) 1.5 ವೋಲ್ಟಿನ ಬಿಎ-37, ಪ್ಲೇಟಿಗೆ (ಹೆಚ್ಚು ವೋಲ್ಟ್ ಬೇಡುವ ಒಳಗಿನ ತಗಡು) 103.5 ವೋಲ್ಟಿನ ಬಿಎ-38. ಅವು ಬಳಕೆಗೆ ಬರುವ ಸ್ಥಿತಿಯಲ್ಲಿ ಈಗೆಲ್ಲಿ ಸಿಗಬೇಕು? ಹಾಗಾಗಿ ಮಾರಿದವರು ತಾವೇ ಒಂದು ಪ್ಯಾಕ್ ಮಾಡಿ ಜೊತೆಗೆ ಕಳಿಸಿದ್ದರು. ಸೆಟ್ಟಿಗೆ ಹಾಕದೆ ಮೀಟರ್ ಹಿಡಿದು ನೋಡಿದರೆ, 1.5 ವೋಲ್ಟ್ ಬರಬೇಕಾದ ತುದಿಯಲ್ಲಿ ನೂರರ ಮೇಲೆ! ವೈರು ಅದಲುಬದಲು. 1.4 ವೋಲ್ಟಿನ ಫಿಲಮೆಂಟ್ ಅದಕ್ಕೆ ಒಂದು ಕ್ಷಣವೂ ತಡೆಯುವುದಿಲ್ಲ. ಈ ಸೆಟ್ಟಿಗೆ ಬೇರೆ ಪವರ್ ಸ್ವಿಚ್ ಇಲ್ಲ, ಆಂಟೆನಾ ಎಳೆದರೆ ಆನ್. ಅಂದವಾಗಿ ಫೋಟೋ ತೆಗೆಯೋಣವೆಂದು ಆಂಟೆನಾ ಎಳೆದರೂ ಸಾಕಿತ್ತು.

ವಾಲ್ವ್ ಪರೀಕ್ಷೆ ಸುಲಭ. 1ಆರ್5, 1ಎಸ್5, 1ಟಿ4, ಎರಡು 3ಎಸ್4, ಎಲ್ಲದರಲ್ಲೂ 1 ಮತ್ತು 7ನೇ ಪಿನ್ ನಡುವೆ ಫಿಲಮೆಂಟ್ ಇರುತ್ತದೆ. ಅಲ್ಲಿ ಸಂಪರ್ಕ ತುಂಡಾಗಿದ್ದರೆ ವಾಲ್ವ್ ಸತ್ತಂತೆ. 3ಎಸ್4ರಲ್ಲಿ ಫಿಲಮೆಂಟಿನ ನಡುಭಾಗ 5ನೇ ಪಿನ್ನಿಗೆ ಬಂದಿರುವುದರಿಂದ ಎರಡು ಅರ್ಧಗಳನ್ನೂ ಬೇರೆಬೇರೆಯಾಗಿ ನೋಡಿ. ವಾಲ್ವನ್ನು ಸಾಕೆಟ್ಟಿನಿಂದ ಕಿತ್ತು, ಡಿಜಿಟಲ್ ಮೀಟರಿನಲ್ಲೇ ಅಳೆಯಿರಿ. ಚಿಕ್ಕ ವಾಲ್ವ್‌ಗಳ ಫಿಲಮೆಂಟ್ 50 ಮಿಲಿಆಂಪಿನದು. ಹಳೆಯ ಮುಳ್ಳಿನ ಮೀಟರುಗಳಲ್ಲಿ ಕೆಲವು, ಕಡಿಮೆ ಓಮ್ ರೇಂಜಿನಲ್ಲಿ ಅದಕ್ಕಿಂತ ಹೆಚ್ಚು ಕರೆಂಟ್ ಹರಿಸಿ ಇದ್ದದ್ದನ್ನೂ ಸುಟ್ಟುಬಿಡುತ್ತವೆ.

ವಾಲ್ವ್ ಹುಡುಕಿದರೆ ಸಿಗುತ್ತವೆ. ನಿಜವಾದ ನಷ್ಟ ಸೆಟ್ಟಿನ ತರಂಗವನ್ನು ನಿಗದಿ ಮಾಡುವ ಕ್ರಿಸ್ಟಲ್‌ಗಳದ್ದು. ಬಿಸಿ-611ರಲ್ಲಿ ಒಂದೇ ಚಾನೆಲ್, 3.5ರಿಂದ 6 ಮೆಗಾಹರ್ಟ್ಸ್ ಒಳಗೆ. ಕಳಿಸಲು ಒಂದು ಕ್ರಿಸ್ಟಲ್, ಕೇಳಲು ಅದಕ್ಕಿಂತ ಸರಿಯಾಗಿ 455 ಕಿಲೋಹರ್ಟ್ಸ್ ಮೇಲಿನ ಇನ್ನೊಂದು. ನಮ್ಮ ಸೆಟ್ಟಿನಲ್ಲಿದ್ದವು 3885 ಮತ್ತು 4035 ಕಿಲೋಹರ್ಟ್ಸಿನವು. ಎರಡನೆಯದು 4340 ಆಗಿರಬೇಕಿತ್ತು. ಅಂದರೆ ಈ ಪುಣ್ಯಾತ್ಮ 3885ರಲ್ಲಿ ಮಾತಾಡಿ 3580ರಲ್ಲಿ ಕಿವಿಗೊಡುತ್ತಾನೆ! ಕ್ರಿಸ್ಟಲ್ ಬದಲಿಸಿದ ಮಾತ್ರಕ್ಕೆ ಮುಗಿಯುವುದೂ ಇಲ್ಲ. ಆಂಟೆನಾ ಕಾಯಿಲ್, ಟ್ಯಾಂಕ್ ಕಾಯಿಲ್ ಎಂಬ ತಂತಿಸುರುಳಿಗಳೆರಡೂ ಆ ಚಾನೆಲ್ಲಿಗೇ ಹೊಂದಬೇಕು. ನಾಲ್ಕೂ ಒಂದೇ ಸೆಟ್ಟಿನವಾಗಿದ್ದರಷ್ಟೇ ಬೆಲೆ ಕೊಡಿ. ಮಾರುವವರಿಂದ ಚಾಸಿಸ್ (ಭಾಗಗಳನ್ನು ಕೂರಿಸಿದ ಒಳಚೌಕಟ್ಟು) ಹೊರತೆಗೆದ ಫೋಟೋ, ಎರಡು ಕ್ರಿಸ್ಟಲ್‌ಗಳ ಮೇಲಿನ ಅಂಕಿ ಕಾಣುವ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಒಳಗೆ ಹೊಸ ರೇಡಿಯೊ ತುಂಬಿದ ನಕಲಿ ಡಬ್ಬಿಗಳೂ ಓಡಾಡುತ್ತಿವೆ.

ಪ್ಯಾಕನ್ನು ನೀವೇ ಮಾಡಿ. ಹೊಸ 9 ವೋಲ್ಟಿನ ಬ್ಯಾಟರಿ ಹನ್ನೊಂದನ್ನು ಸರಣಿಯಲ್ಲಿ ಜೋಡಿಸಿದರೆ ಹೆಚ್ಚುಕಡಿಮೆ 104 ವೋಲ್ಟ್ ಬರುತ್ತದೆ. ಎರಡು ಪೂರೈಕೆಗೂ ಒಂದಕ್ಕೊಂದು ಹೊಂದದ ಕನೆಕ್ಟರ್ ಹಾಕಿ. ಮೊದಲ ಸಲ ಐದೇ ಬ್ಯಾಟರಿಯಲ್ಲಿ, 45 ವೋಲ್ಟಿಗೆ ಶುರುಮಾಡಿ. ಕಾಗದದ ಕೆಪಾಸಿಟರ್ ಲೀಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೈ ತಗುಲಿದರೆ ಜೋರಾಗಿಯೇ ಹೊಡೆಯುತ್ತದೆ, ಹುಷಾರು.

‘ಜೋಡಿ’ ಎಂದು ಬಿಸಿ-611 ಜೊತೆ ಇನ್ನೊಂದು ಸೇನಾ ವಾಕಿಟಾಕಿ ಎಎನ್/ಪಿಆರ್‌ಸಿ-6 ಕಟ್ಟುವವರೂ ಇದ್ದಾರೆ. ಇದು ಎಎಂ, ಅದು 47ರಿಂದ 55.4 ಮೆಗಾಹರ್ಟ್ಸ್‌ನ ಎಫ್‌ಎಂ. ಎರಡನ್ನೂ ಎದುರುಬದುರು ಕೂರಿಸಿದರೂ ಮಾತಾಡವು. ಪಿಆರ್‌ಸಿ-6 ಒಂದನ್ನೇ ಕೊಂಡರೂ ಅದರ ಎಫ್‌ಎಂ ಅಗಲವಾದದ್ದು; ಇಂದಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಸೆಟ್ಟಿನಲ್ಲಿ ಅದರ ದನಿ ಒಡೆಯುತ್ತದೆ, ಹ್ಯಾಮ್ ಸೆಟ್ಟಿನ ದನಿ ಇದರಲ್ಲಿ ಕ್ಷೀಣವಾಗಿ ಕೇಳುತ್ತದೆ.

ಪೈಲಟ್‌ಗಳು ಅಪಾಯದಲ್ಲಿ ನೆರವು ಕೋರಲು ಬಳಸುವ ರೇಡಿಯೊ ಎಎನ್/ಪಿಆರ್‌ಸಿ-90 ಸಿಕ್ಕರೆ ಬ್ಯಾಟರಿ ಹಾಕಲೇಬೇಡಿ. ಅದರ 243 ಮೆಗಾಹರ್ಟ್ಸ್ ಸೇನಾ ವಿಮಾನಗಳ ತುರ್ತು ತರಂಗ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಅದನ್ನು ಗಮನಿಸುತ್ತಿಲ್ಲ, ಆದರೆ ವಿಮಾನಗಳಲ್ಲಿ ಈಗಲೂ ಕೇಳುತ್ತಾರೆ. ‘ಒಂದೇ ಸೆಕೆಂಡ್ ಒತ್ತಿ ನೋಡಿದೆ’ ಎಂದರೆ ಹ್ಯಾಮ್ ಲೈಸೆನ್ಸ್ ಇದ್ದವರಿಗೂ ಮಾಫಿಯಿಲ್ಲ.