ಸೌದೆಯ ಒಲೆ, ಕರೆಂಟಿನ ಒಲೆ: ನಮ್ಮ ಬಡಾವಣೆಯ ಎರಡು ಪಿಜ್ಜಾ ಹೋಟೆಲುಗಳು

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಈಗ ಎರಡು ಇಟಾಲಿಯನ್ ಪಿಜ್ಜಾ ಹೋಟೆಲುಗಳಿವೆ. ಸವಳಂಗ ರಸ್ತೆಯ ಕಡೆಗಿರುವ ಹೋಟೆಲಿನವರು ಅಂಗಳದಲ್ಲಿ ಗುಮ್ಮಟದಂಥ ಇಟ್ಟಿಗೆಯ ಒಲೆ ಕಟ್ಟಿ ಸೌದೆ ಉರಿಸುತ್ತಾರೆ. ಇನ್ನೊಂದು ಹಳೆಯ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ನಡೆಯುತ್ತಿದ್ದು, ಅಲ್ಲಿರುವುದು ಕಲ್ಲುಹಾಸಿನ ಕರೆಂಟ್ ಓವನ್. ಎರಡರಲ್ಲಿಯೂ ಎಂಟು ಹತ್ತು ಮೇಜುಗಳಿಗಿಂತ ಹೆಚ್ಚಿಲ್ಲ. ಯಾವುದು ಮೇಲು ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಬೀದಿಯ ಬಹುತೇಕರು ಸೌದೆಯ ಒಲೆಯ ಪರ ನಿಲ್ಲುತ್ತಾರೆ, ಮತ್ತು ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಕಳೆದ ಮಳೆಗಾಲದ ನಾಲ್ಕು ತಿಂಗಳಲ್ಲಿ ಅಮ್ಮ ಮತ್ತು ಮಗಳೊಂದಿಗೆ ಎರಡೂ ಕಡೆ ಆರಾರು ಬಾರಿ ಕುಳಿತು ಉಂಡ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಅದು ಹೇಗೆ ಬದಲಾಯಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರತಿ ಸಲವೂ ಮೊದಲು ತರಿಸಿದ್ದು ಮಾರ್ಗರೀಟಾ. ಟೊಮೆಟೊ, ಮೊಜ್ಜರೆಲ್ಲಾ, ಬೇಸಿಲ್ ಎಲೆ, ಎಣ್ಣೆ ಇವಿಷ್ಟೇ ಇರುವ ಪಿಜ್ಜಾದಲ್ಲಿ ಅಡುಗೆಯವರಿಗೆ ಯಾವ ಕೊರತೆಯನ್ನೂ ಮುಚ್ಚಿಡಲು ಬರುವುದಿಲ್ಲ. ಪನೀರು, ದೊಣ್ಣೆಮೆಣಸು, ಮೆಕ್ಕೆಜೋಳಗಳ ರಾಶಿಯ ಕೆಳಗೆ ಕಣಕ ಹೇಗಿದೆ ಎಂದು ತಿಳಿಯುವುದು ಕಷ್ಟ. ಹೋಳಿಗೆ ತಿನ್ನುವವರು ಹೂರಣವನ್ನು ಹೊಗಳಿದರೂ ಹೋಳಿಗೆಯನ್ನು ಗೆಲ್ಲಿಸುವುದು ಅಥವಾ ಕೆಡಿಸುವುದು ಕಣಕವೇ ಎಂಬುದು ಮಾಡುವವರಿಗೆ ಗೊತ್ತು. ಪಿಜ್ಜಾದ ವಿಷಯದಲ್ಲಿಯೂ ಅದೇ ಸತ್ಯವೆಂದು ನಾನು ತಿಳಿದಿದ್ದೇನೆ.

ಸೌದೆಯ ಒಲೆಗೆ ಇರುವ ಗೌರವ ಸುಮ್ಮನೆ ಬಂದದ್ದಲ್ಲ. ನೇಪಲ್ಸ್ ನಗರದಲ್ಲಿ ಪಿಜ್ಜಾ ಮಾಡುವವರು 1984ರಲ್ಲಿ ಸಂಘವೊಂದನ್ನು ಕಟ್ಟಿಕೊಂಡು, ತಮ್ಮ ಪಿಜ್ಜಾ ಹೇಗಿರಬೇಕೆಂದು ಬರೆದಿಟ್ಟಿದ್ದಾರೆ. ಅಲ್ಲಿನ ಪಿಜ್ಜಾಗಾರರ ಕುಶಲತೆಯನ್ನು 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಕ್ರಮದಲ್ಲಿ ಸೌದೆಯ ಒಲೆಯ ಶಾಖ ಸುಮಾರು 485 ಡಿಗ್ರಿ ಸೆಲ್ಸಿಯಸ್ ಇರಬೇಕು, ಮತ್ತು ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೆಂದು ಹೊರಬರಬೇಕು. ಹಾಸುಗಲ್ಲಿನ ಕಾವು ತಳವನ್ನು ಬೇಯಿಸುತ್ತಿರುವಾಗಲೇ ಗುಮ್ಮಟದಿಂದ ಇಳಿಯುವ ಝಳ ಮೇಲ್ಭಾಗವನ್ನು ಬೇಯಿಸುತ್ತದೆ, ಹಾಗಾಗಿ ಒಳಗಿನ ತೇವ ಆರಿಹೋಗುವ ಮೊದಲೇ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಇದರಿಂದ ಸಿಗುವುದು ಗರಿಗರಿ ರೊಟ್ಟಿಯಲ್ಲ. ನಾಲ್ಕಾಗಿ ಮಡಿಸಬಹುದಾದಷ್ಟು ಮೆತ್ತಗಿನದು. ರೋಮ್ ನಗರದ ರೂಢಿ ಬೇರೆ. ಅಲ್ಲಿ ಕಣಕಕ್ಕೆ ಎಣ್ಣೆ ಸೇರಿಸಿ, ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಬೇಯಿಸುವುದರಿಂದ ಪಿಜ್ಜಾ ಮುರಿಯುವಂತೆ ಗರಿಯಾಗಿರುತ್ತದೆ. ನಮ್ಮ ಎರಡು ಹೋಟೆಲುಗಳಲ್ಲಿ ಸೌದೆಯ ಒಲೆಯವರದು ನೇಪಲ್ಸ್ ದಾರಿ, ಕರೆಂಟ್ ಓವನ್ನಿನವರದು ಹೆಚ್ಚುಕಡಿಮೆ ರೋಮ್ ದಾರಿ. ಇದನ್ನು ತಿಳಿಯದೆ ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಅಮ್ಮನಿಗೆ ಮೊದಲ ದಿನ ಆದದ್ದು ಅದೇ. ಸೌದೆಯ ಒಲೆಯ ಪಿಜ್ಜಾದ ನಡುಭಾಗವನ್ನು ಚಮಚದಿಂದ ಒತ್ತಿ ನೋಡಿ, "ಇದು ಬೆಂದೇ ಇಲ್ಲ ಕಣೇ, ಇನ್ನೊಂದು ಸಲ ಬೇಯಿಸಿ ಕೊಡೋಕೆ ಹೇಳು" ಎಂದರು. ಟೊಮೆಟೊ ರಸ, ಕರಗಿದ ಚೀಸಿನ ನೀರು, ಎಣ್ಣೆ ಸೇರಿ ನಡುವೆ ತೇವ ನಿಲ್ಲುವುದು ಆ ಬಗೆಯ ಪಿಜ್ಜಾದ ಸ್ವಭಾವವೇ ಹೊರತು ತಪ್ಪಲ್ಲ ಎಂದು ವಿವರಿಸಿದೆ. ಆದರೆ ಅಂದಿನ ಪಿಜ್ಜಾದಲ್ಲಿ ನಿಜವಾದ ದೋಷವೊಂದಿತ್ತು, ಮತ್ತು ಅದನ್ನು ಕಂಡುಹಿಡಿದವರೂ ಅಮ್ಮನೇ. ಅಂಚು ಚೆನ್ನಾಗಿ ಉಬ್ಬಿತ್ತು, ಚುಕ್ಕೆಗಳೂ ಇದ್ದವು, ಆದರೂ ಅಗಿಯುವಾಗ ಹಲ್ಲಿಗೆ ಜಗ್ಗುತ್ತಿತ್ತು, ಬಾಯಲ್ಲಿ ಯೀಸ್ಟಿನ ಹಸಿ ವಾಸನೆ ಉಳಿಯುತ್ತಿತ್ತು. "ಹುಳಿ ಬಾರದ ಹಿಟ್ಟಿನಲ್ಲಿ ಹೊಯ್ದ ದೋಸೆಯ ಹಾಗಿದೆ" ಎಂದು ಅವರು ಹೇಳಿದ ಮಾತನ್ನು ನಾನು ಆಗ ಅಷ್ಟಾಗಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಕರೆಂಟ್ ಓವನ್ನಿನ ಹೋಟೆಲಿಗೆ ಹೋದೆವು. ಓವನ್ನಿನ ಹೊರಗಿನ ಫಲಕ 320 ಡಿಗ್ರಿ ತೋರಿಸುತ್ತಿತ್ತು. ಪಿಜ್ಜಾ ಬೇಯಲು ಐದು ನಿಮಿಷ ಹಿಡಿಯಿತು. ನೋಟಕ್ಕೆ ಸಾಧಾರಣ: ಅಂಚು ಹೆಚ್ಚು ಉಬ್ಬಿರಲಿಲ್ಲ, ಬಣ್ಣ ಎಲ್ಲೆಡೆ ಒಂದೇ ಸಮನಾದ ಕಂದು. ತುಂಡನ್ನು ಮುರಿದಾಗ ಮಾತ್ರ ಅದರ ಗುಣ ತಿಳಿಯಿತು. ತಳ ಗರಿಯಾಗಿತ್ತು, ಒಳಗೆ ಸಣ್ಣದೂ ದೊಡ್ಡದೂ ಆದ ಗುಳ್ಳೆಗಳಿದ್ದವು, ಮತ್ತು ಬರಿಯ ಅಂಚನ್ನು ತಿಂದರೂ ರುಚಿ ಇತ್ತು. ಸಾಮಾನ್ಯವಾಗಿ ಅಂಚುಗಳನ್ನು ತಟ್ಟೆಯಲ್ಲಿಯೇ ಬಿಡುವ ಮಗಳು ಅಂದು ಒಂದನ್ನೂ ಬಿಡಲಿಲ್ಲ. ವಿಚಾರಿಸಿದಾಗ, ಕಣಕವನ್ನು ತೀರ ಕಡಿಮೆ ಯೀಸ್ಟ್ ಹಾಕಿ ಕಲಸಿ, ಫ್ರಿಜ್ಜಿನಲ್ಲಿ ಒಂದು ಇಡೀ ದಿನ ಇಟ್ಟು, ಮರುದಿನ ಉಂಡೆ ಕಟ್ಟಿ ಬಳಸುವುದಾಗಿ ಒಳಗಿನವರು ಹೇಳಿದರು.

ಇದು ಅವರ ಹೊಸ ಸಂಶೋಧನೆಯೇನಲ್ಲ. ಯುರೋಪಿಯನ್ ಒಕ್ಕೂಟ 2010ರಲ್ಲಿ ನೇಪಲ್ಸ್ ಪಿಜ್ಜಾಕ್ಕೆ ಮಾನ್ಯತೆ ಕೊಟ್ಟಾಗ ದಾಖಲಿಸಿದ ಅಳತೆಯ ಪ್ರಕಾರ ಒಂದು ಲೀಟರ್ ನೀರಿಗೆ ಸುಮಾರು 1.8 ಕಿಲೋ ಹಿಟ್ಟು, 50ರಿಂದ 55 ಗ್ರಾಂ ಉಪ್ಪು, ಮತ್ತು ಕೇವಲ 3 ಗ್ರಾಂ ಯೀಸ್ಟ್. ಇಷ್ಟು ಸ್ವಲ್ಪ ಯೀಸ್ಟಿನಿಂದ ಕಣಕ ಉಬ್ಬಬೇಕಾದರೆ ಗಂಟೆಗಟ್ಟಲೆ ಕಾಯಲೇಬೇಕು, ಮತ್ತು ಆ ಕಾಯುವಿಕೆಯಲ್ಲಿಯೇ ರುಚಿ ಹುಟ್ಟುತ್ತದೆ. ಹಿಟ್ಟಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ನಿಧಾನವಾಗಿ ಸಕ್ಕರೆಯಾಗಿ ಒಡೆಯುತ್ತವೆ, ಗೋಧಿಯ ಅಂಟು ಸಡಿಲಗೊಂಡು ಕಣಕ ಜಗ್ಗುವುದನ್ನು ಬಿಟ್ಟು ಹಿಗ್ಗುವುದನ್ನು ಕಲಿಯುತ್ತದೆ. ರಾತ್ರಿ ರುಬ್ಬಿ ಬೆಳಗ್ಗೆ ಹೊಯ್ಯುವ ದೋಸೆಗೂ, ರುಬ್ಬಿದ ಗಂಟೆಯಲ್ಲಿಯೇ ಹೊಯ್ದ ದೋಸೆಗೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಮೇಲಿನ ಪದಾರ್ಥಗಳಿಗೆ ಬಂದರೆ ಲೆಕ್ಕ ಸೌದೆಯ ಒಲೆಯವರ ಕಡೆಗೆ ವಾಲುತ್ತದೆ. ಅವರು ಟೊಮೆಟೊವನ್ನು ಮೊದಲೇ ಕುದಿಸುವುದಿಲ್ಲ. ಸಿಪ್ಪೆ ತೆಗೆದು, ಕಿವುಚಿ, ಉಪ್ಪು ಮಾತ್ರ ಬೆರೆಸಿ ಹಸಿಯಾಗಿಯೇ ಹರಡುತ್ತಾರೆ. ಒಲೆಯ ಉರಿಯಲ್ಲಿ ಅದು ಹಣ್ಣಿನ ತಾಜಾತನವನ್ನು ಕಳೆದುಕೊಳ್ಳದೆ ಬೇಯುತ್ತದೆ. ಕರೆಂಟ್ ಓವನ್ನಿನವರು ಬೆಳ್ಳುಳ್ಳಿ, ಸಕ್ಕರೆ, ಒಣ ಒರೆಗಾನೊ ಹಾಕಿ ಗಟ್ಟಿಯಾಗಿ ಕುದಿಸಿದ ಸಾಸ್ ಬಳಸುತ್ತಾರೆ. ಆ ಸಾಸಿನ ಪರಿಮಳ ಬಂದೊಡನೆ ಅಮ್ಮ "ದೊಡ್ಡಪತ್ರೆ ಹಾಕಿದ್ದಾರಾ?" ಎಂದು ಕೇಳಿದರು. ನಾವು ತಂಬುಳಿ ಮಾಡುವ ದೊಡ್ಡಪತ್ರೆಗೂ ಒರೆಗಾನೊಗೂ ಖಾರದ ಪರಿಮಳ ಕೊಡುವ ಕಾರ್ವಕ್ರಾಲ್ ಎಂಬ ಅಂಶ ಸಮಾನವಾಗಿರುವುದರಿಂದ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಸಾಸಿನ ಸಿಹಿ ಮಾತ್ರ ಮೂವರಿಗೂ ಹಿಡಿಸಲಿಲ್ಲ.

ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯೇ. ಸೌದೆಯ ಒಲೆಯವರು ಬಾಗಿಲಿನ ಪಕ್ಕದ ಕುಂಡಗಳಲ್ಲಿ ಅದನ್ನು ಬೆಳೆಸಿ, ಬಿಸಿ ಪಿಜ್ಜಾದ ಮೇಲೆ ಹಸಿ ಎಲೆ ಉದುರಿಸುತ್ತಾರೆ. ಜುಲೈ ತಿಂಗಳ ಮಳೆಗೆ ಗಿಡಗಳು ಕೊಳೆತಾಗ ಎಲೆ ಇಲ್ಲವೆಂದು ಮೊದಲೇ ಹೇಳಿದರು, ಅದು ನನಗೆ ಇಷ್ಟವಾಯಿತು. ಇನ್ನೊಂದು ಕಡೆ ಅದೇ ತಿಂಗಳಲ್ಲಿ ಹೇಳದೆ ಕೇಳದೆ ತುಳಸಿ ಎಲೆ ಹಾಕಿದ್ದರು. ತುಳಸಿಯಲ್ಲಿ ಲವಂಗದ ಘಾಟಿರುವುದರಿಂದ ಟೊಮೆಟೊದೊಂದಿಗೆ ಅದು ಹೊಂದುವುದಿಲ್ಲ. ದಿನವೂ ತುಳಸಿಕಟ್ಟೆಗೆ ನೀರೆರೆಯುವ ಅಮ್ಮನಿಗೆ ಆ ಎಲೆಯನ್ನು ಚೀಸಿನ ಮೇಲೆ ಬಾಡಿಸಿದ್ದನ್ನು ನೋಡಿ ನೋವಾಯಿತು. ಅವರು ಅಂದು ಒಂದೇ ತುಂಡು ತಿಂದು ಕೈ ತೊಳೆದರು.

ಚೀಸ್ ಎರಡು ಕಡೆಯೂ ಇಲ್ಲಿಯೇ ಸಿಗುವ ಕಡಿಮೆ ತೇವದ ಮೊಜ್ಜರೆಲ್ಲಾ; ಇಟಲಿಯ ಕಂಪಾನಿಯಾ ಸೀಮೆಯ ಎಮ್ಮೆಹಾಲಿನ ಮೊಜ್ಜರೆಲ್ಲಾವನ್ನು ನಿರೀಕ್ಷಿಸಿ ಯಾರೂ ಹೋಗಬೇಕಾಗಿಲ್ಲ. ಸಸ್ಯಾಹಾರಿಗಳು ಒಂದು ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಬೇಕು. ಮೇಲೆ ತುರಿದು ಉದುರಿಸುವುದು ಇಟಲಿಯ ಅಸಲಿ ಪಾರ್ಮೆಜಾನ್ ಆಗಿದ್ದರೆ, ಅದರ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿರುತ್ತಾರೆ. ಸೌದೆಯ ಒಲೆಯವರು ಅದನ್ನು ಬಳಸುವುದಿಲ್ಲವೆಂದು ತಿಳಿಸಿ, ತಾವು ಬಳಸುವ ಚೀಸಿನ ಪೊಟ್ಟಣದ ಹಸಿರು ಚುಕ್ಕೆಯನ್ನೂ ತಂದು ತೋರಿಸಿದರು. ಕರೆಂಟ್ ಓವನ್ನಿನಲ್ಲಿ ಬಡಿಸುವ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಹಾಗಾಗಿ ಅಲ್ಲಿ ನಾವು ತುರಿದ ಚೀಸ್ ಬೇಡವೆಂದೇ ಹೇಳುತ್ತೇವೆ.

ಮಳೆಗಾಲ ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿತು. ಆಗುಂಬೆಯಷ್ಟು ಅಲ್ಲದಿದ್ದರೂ ಶಿವಮೊಗ್ಗದಲ್ಲಿ ಜುಲೈ ಎಂದರೆ ಬಟ್ಟೆಯೂ ಒಣಗದ, ಬೆಂಕಿಪೆಟ್ಟಿಗೆಯೂ ಮೆತ್ತಗಾಗುವ ಕಾಲ. ತೇವ ಹೀರಿದ ಸೌದೆ ಮೊದಲು ತನ್ನ ನೀರನ್ನು ಆವಿ ಮಾಡಲು ಶಾಖವನ್ನು ಖರ್ಚು ಮಾಡುವುದರಿಂದ ಒಲೆ ಕಾಯುವುದು ತಡವಾಗುತ್ತದೆ, ಹೊಗೆಯೂ ಹೆಚ್ಚು. ಒಂದು ಸಂಜೆ ನಾವು ಐವತ್ತು ನಿಮಿಷ ಕಾದ ಮೇಲೆ ಬಂದ ಪಿಜ್ಜಾದ ತಳ ಬಿಳಿಚಿಕೊಂಡಿತ್ತು, ಚೀಸಿಗೆ ಹೊಗೆಯ ಕಹಿ ಹತ್ತಿತ್ತು. ಮೂರೇ ದಿನಗಳ ನಂತರ ಗಾಳಿಮಳೆಗೆ ಬಡಾವಣೆಯ ಕರೆಂಟ್ ಹೋದಾಗ ಇನ್ನೊಂದು ಹೋಟೆಲಿನಲ್ಲಿ ಓವನ್ ತಣ್ಣಗೆ ಕುಳಿತಿತ್ತು. ಅವರ ಜನರೇಟರ್ ದೀಪ ಮತ್ತು ಫ್ಯಾನುಗಳಿಗೆ ಸಾಲುತ್ತಿತ್ತೇ ಹೊರತು ಓವನ್ನಿನ ಭಾರವನ್ನು ಹೊರುತ್ತಿರಲಿಲ್ಲ, ಆದ್ದರಿಂದ ಗ್ಯಾಸಿನ ಮೇಲೆ ಮಾಡಿದ ಪಾಸ್ತಾ ತಿಂದು ಬಂದೆವು. ಪಾಸ್ತಾ ಎರಡು ಕಡೆಯೂ ಅತಿಯಾಗಿ ಬೆಂದಿರುತ್ತದೆ. ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ಬೆಲೆಯಲ್ಲಿ ದೊಡ್ಡ ಅಂತರವಿಲ್ಲ. ಹತ್ತು ಅಂಗುಲದ ಮಾರ್ಗರೀಟಾಕ್ಕೆ ನಾವು ಸೌದೆಯ ಒಲೆಯಲ್ಲಿ 290 ರೂಪಾಯಿ, ಕರೆಂಟ್ ಓವನ್ನಿನಲ್ಲಿ 250 ರೂಪಾಯಿ ಕೊಟ್ಟೆವು. ಪಾರ್ಸೆಲ್ ಒಯ್ಯುವವರಿಗೆ ಮಾತ್ರ ಆಯ್ಕೆ ಸ್ಪಷ್ಟವಾಗಿದೆ. ನೇಪಲ್ಸ್ ಬಗೆಯ ಪಿಜ್ಜಾ ರಟ್ಟಿನ ಪೆಟ್ಟಿಗೆಯೊಳಗಿನ ಆವಿಯಲ್ಲಿ ಹತ್ತೇ ನಿಮಿಷಕ್ಕೆ ನೆನೆದ ಬಟ್ಟೆಯಂತಾಗುತ್ತದೆ. ಗರಿಯಾದ ಪಿಜ್ಜಾ ಮನೆ ಸೇರುವವರೆಗೆ ತಾಳುತ್ತದೆ, ಮತ್ತು ಮೆತ್ತಗಾದರೂ ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟರೆ ತಳ ಮತ್ತೆ ಗರಿಯಾಗುತ್ತದೆ.

ಆಗಸ್ಟ್ ಕೊನೆಯ ಹೊತ್ತಿಗೆ, ಒಲೆಯ ವೈಭವ ಏನೇ ಇರಲಿ, ಕರೆಂಟ್ ಓವನ್ನಿನ ಹೋಟೆಲೇ ಮೇಲೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅಲ್ಲಿಯವರೆಗೆ ನಾವು ಸೌದೆಯ ಒಲೆಗೆ ಹೋದದ್ದೆಲ್ಲ ವಾರದ ನಡುವಿನ ಸಂಜೆಗಳಲ್ಲಿ. ಸೆಪ್ಟೆಂಬರ್‌ನ ಒಂದು ಭಾನುವಾರ ಮಧ್ಯಾಹ್ನ, ಮಳೆ ಬಿಟ್ಟು ಬಿಸಿಲು ಬಿದ್ದಿತ್ತೆಂಬ ಒಂದೇ ಕಾರಣಕ್ಕೆ ಹೋದಾಗ, ಅದೇ ಒಲೆಯಿಂದ ಬೇರೆಯೇ ಪಿಜ್ಜಾ ಬಂದಿತು. ಅಂಚು ಹಗುರವಾಗಿ ಹಿಗ್ಗಿತ್ತು, ಹಲ್ಲಿಗೆ ಜಗ್ಗಲಿಲ್ಲ, ಯೀಸ್ಟಿನ ವಾಸನೆಯ ಸುಳಿವೂ ಇರಲಿಲ್ಲ. ಹಸಿ ಟೊಮೆಟೊದ ಹುಳಿ, ಕಾಮಕಸ್ತೂರಿಯ ಕಂಪು, ಸುಟ್ಟ ಚುಕ್ಕೆಗಳ ನವಿರಾದ ಕಹಿ ಎಲ್ಲವೂ ಒಂದರೊಳಗೊಂದು ಬೆರೆತಿದ್ದವು. ಆ ನಾಲ್ಕು ತಿಂಗಳಲ್ಲಿ ನಾವು ತಿಂದ ಮಾರ್ಗರೀಟಾಗಳಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ನಾನು ಒಲೆಯ ಬಳಿಗೇ ಹೋಗಿ, ಇವತ್ತು ಏನು ಬೇರೆ ಮಾಡಿದ್ದೀರಿ ಎಂದು ಕೇಳಿದೆ.

"ಏನೂ ಇಲ್ಲ ಅಕ್ಕ. ಭಾನುವಾರ ಜನ ಜಾಸ್ತಿ, ಬೆಳಗ್ಗೆ ಕಲಸಿದ್ರೆ ಆಗಲ್ಲ ಅಂತ ಶನಿವಾರ ಮಧ್ಯಾಹ್ನವೇ ಕಲಸಿ ಫ್ರಿಜ್ಜಲ್ಲಿ ಇಟ್ಟಿರ್ತೀವಿ. ಬೇರೆ ದಿನ ಸಂಜೆ ನಾಲ್ಕಕ್ಕೆ ಕಲಸೋದು" ಎಂದು ಒಲೆಯ ಮುಂದಿದ್ದ ಹುಡುಗ ಹೇಳಿದ.

ಅವನಿಗೆ ಅದು ಕೆಲಸದ ಅನುಕೂಲದ ಮಾತಾಗಿತ್ತು. ಅಮ್ಮ ಜೂನ್‌ನಲ್ಲಿ ಹೇಳಿದ ದೋಸೆಯ ಮಾತು ನನಗೆ ಆಗ ಪೂರ್ತಿಯಾಗಿ ಅರ್ಥವಾಯಿತು. ಉಳಿದ ದಿನಗಳಲ್ಲಿಯೂ ಹಿಂದಿನ ದಿನವೇ ಕಲಸಿಡಬಾರದೇ ಎಂದು ಕೇಳಿದ್ದಕ್ಕೆ, ಇರುವ ಫ್ರಿಜ್ಜಿನಲ್ಲಿ ದಿನವೂ ಅಷ್ಟು ಉಂಡೆಗಳಿಗೆ ಜಾಗವಿಲ್ಲ, ಮಾಲೀಕರಿಗೆ ಹೇಳಿ ನೋಡುತ್ತೇನೆ ಎಂದ. ಆ ಹೊಸ ಫ್ರಿಜ್ಜು ಬರುವವರೆಗೆ ನಾವು ವಾರದ ದಿನಗಳಲ್ಲಿ ಹೆಂಚಿನ ಮನೆಯಿಂದ, ಸಾಸ್ ಕಡಿಮೆ ಹಾಕಿ, ತುರಿದ ಚೀಸ್ ಬೇಡವೆಂದು ಹೇಳಿ ಪಾರ್ಸೆಲ್ ತರುತ್ತೇವೆ; ಮಳೆಯಿಲ್ಲದ ಭಾನುವಾರ ಹನ್ನೆರಡೂವರೆಗೆ, ಶನಿವಾರದ ಕಣಕ ಮುಗಿಯುವ ಮೊದಲು, ಸವಳಂಗ ರಸ್ತೆಯ ಅಂಗಳದಲ್ಲಿ ಕುಳಿತಿರುತ್ತೇವೆ.